ಕೂಗುಗಂಡಿಯ ಚಲುವಬೋರ

ಈ ಹೊಳೆ ಸೇತುವೆಯ ನೆರಳನ್ನೇ ಕಾಣದಿದ್ದ ಕಾಲ. ಆಗ ಒಂದೂರಿತ್ತು. ಯಾವುದೋ ಊರಲ್ಲ, ನಮ್ಮ ಹಾರೆಕೊಪ್ಪಲೇ. ಆಚೆ ದಡದವರು ಈ ಕಥೆ ತಮ್ಮದು ಅಂದರೆ ನಂಬಬೇಡಿ, ಅವರಿಗೆ ನೆಟ್ಟಗೆ ಹುಟ್ಟು ಹಾಕಲೂ ಬರುವುದಿಲ್ಲ.

ಆ ಊರಿನಲ್ಲಿ ಚಲುವಬೋರ ಅಂತ ಹರಿಗೋಲಿನವನಿದ್ದನಂತೆ. ಊರಿನ ಮೇಲುಗಡೆ ಹೊಳೆ ಎರಡು ಬಂಡೆಗೋಡೆಗಳ ನಡುವೆ ನುಗ್ಗುತ್ತದಲ್ಲ, ಹರಿಗೋಲನ್ನು ತಲೆಯ ಮೇಲೆ ಹೊತ್ತು ಬಂಡೆ ಹತ್ತಿ, ಮೇಲಿನಿಂದ ಆ ಗಂಡಿಯೊಳಗೆ ಇಳಿದು ಜೀವಸಹಿತ ಹೊರಗೆ ಬರುತ್ತಿದ್ದವನು ಆಗ ಅವನೊಬ್ಬನೇ ಅಂತೆ. ಗಂಡಿಯ ಮಡುವಿನಲ್ಲೇ ಬಿಳಿಮೀನು ಮೊಟ್ಟೆಯಿಡುವುದು. ಅಲ್ಲಿ ಮೀನಿದ್ದರೆ ಹೊಳೆಗೆಲ್ಲ ಮೀನು, ನೀರುನಾಯಿಗೂ ಊಟ, ನಮಗೂ ಊಟ. ಅದಕ್ಕೇ ಅವನು ಅಲ್ಲಿ ಬಲೆ ಬಿಡುತ್ತಿರಲಿಲ್ಲವಂತೆ.

ಮಡುವಿಗೆ ಮೊದಲು ಒಂದು ಸುಳಿ ಸಿಗುತ್ತದೆ. ಅಲ್ಲಿಗೆ ಬಂದಾಗ, "ಹೊಂಬಾಳೀ, ಮುದ್ದೆ ತೊಳಸೇ!" ಅಂತ ಹೆಂಡತಿಗೆ ಕೂಗು ಹಾಕುತ್ತಿದ್ದನಂತೆ. ಬಂಡೆಗಳು ಆ ಕೂಗನ್ನು ಒಂದರಿಂದೊಂದಕ್ಕೆ ದಾಟಿಸಿ ಊರಿಗೆಲ್ಲ ಮುಟ್ಟಿಸುತ್ತಿದ್ದವಂತೆ. ಅವನ ಊಟದ ಹೊತ್ತು ಊರಿಗೇ ಗೊತ್ತು.

ಒಂದು ಸಲ ಪಾಳೇಗಾರ ಮಗಳ ಮದುವೆ ಇಟ್ಟುಕೊಂಡನಂತೆ. ಊಟಕ್ಕೆ ಗಂಡಿಯ ಮೀನೇ ಬೇಕು ಅಂದನಂತೆ. ಕಾರೆಕಾಯಿ ಜಜ್ಜಿಸಿ ಮೂಟೆ ಕಟ್ಟಿಸಿ ತಂದನಂತೆ. ಅದನ್ನು ನೀರಿಗೆ ಕಲಸಿದರೆ ಮುಗಿಯಿತು, ದೊಡ್ಡದು ಮರಿ ಅನ್ನದೆ ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ. ಊರಿನವರು ತುಟಿ ಬಿಚ್ಚಲಿಲ್ಲ. ಬಿಚ್ಚಿದವರ ಗುಡಿಸಲು ಉಳಿಯುತ್ತಿರಲಿಲ್ಲ. ಚಲುವಬೋರ ಮಾತ್ರ ಕೈಮುಗಿದು, "ಹರಿಗೋಲು ಹತ್ತಿ ಬುದ್ಧಿ, ಮಡುವಿಗೆ ನಾನು ಕರ್ಕೊಂಡು ಹೋಗ್ತೀನಿ" ಅಂದನಂತೆ. ಜನ ಅವನಿಗೆ ಉಗಿದರಂತೆ. ಹೊಂಬಾಳಮ್ಮ, "ಇವತ್ತು ಮುದ್ದೆ ಅಂತ ಕೂಗು, ಹೇಳ್ತೀನಿ ನಿಂಗೆ" ಅಂದಳಂತೆ.

ಹರಿಗೋಲು ಸುಳಿಗೆ ಬಂತು. ಚಲುವಬೋರ ಹುಟ್ಟನ್ನು ಒಂದೇ ಕಡೆಗೆ ಒತ್ತಿ ಹಿಡಿದ. ಹರಿಗೋಲು ಬುಗುರಿಯಾಯಿತಂತೆ. ನೂರು ಸುತ್ತು ಅನ್ನುತ್ತಾರೆ. ನಾನು ಸಾವಿರ ಅನ್ನುತ್ತೇನೆ, ಇಲ್ಲ ಅನ್ನುವವನು ಎದುರಿಗೆ ಬರಲಿ. ಪಾಳೇಗಾರನ ಪೇಟ ಹೋಯಿತು, ತಿಂದದ್ದು ಹೋಯಿತು, ಕಡೆಗೆ ಧಿಮಾಕೂ ಹೋಯಿತು.

"ನಿಲ್ಸೋ! ಏನ್ ಬೇಕು ಕೇಳೋ!"

"ಈ ಮೀನು ಮುಟ್ಟಲ್ಲ ಅನ್ನಿ ಬುದ್ಧಿ."

"ಮುಟ್ಟಲ್ಲ."

"ಕೇಳಿಸಲಿಲ್ಲ ಬುದ್ಧಿ, ನೀರಿನ ಸದ್ದು."

"ನಾನೂ ಮುಟ್ಟಲ್ಲ, ನನ್ನ ವಂಶದೋರೂ ಮುಟ್ಟಲ್ಲ ಕಣೋ!" ಅಂತ ಅರಚಿದನಂತೆ.

ಬಂಡೆಗಳು ಬಿಡುತ್ತವೆಯೇ? ದಡದಲ್ಲಿ ನಿಂತಿದ್ದ ಊರಿನವರು, ಆಳುಗಳು, ಬೀಗರು ಎಲ್ಲರಿಗೂ ಕೇಳಿಸಿತಂತೆ. ಚಲುವಬೋರನ ತಲೆ ತೆಗೆಸಬೇಕು ಅಂತಲೇ ಪಾಳೇಗಾರ ದಡಕ್ಕಿಳಿದನಂತೆ. ಇಳಿದರೆ, ಜನವೆಲ್ಲ ಅವನ ಮಾತಿಗೆ ಕೈಮುಗಿದು ನಿಂತಿದ್ದಾರೆ. ಬೀಗರ ಮುಂದೆ ಆಡಿದ ಮಾತನ್ನು ನುಂಗುವುದು ಹೇಗೆ? ಮೀಸೆಯ ನೀರು ಒರೆಸಿಕೊಂಡು, ಇದು ತನ್ನದೇ ಯೋಚನೆ ಅಂದನಂತೆ. ಹೊಂಬಾಳಮ್ಮ ಆಗಲೇ ಮುದ್ದೆ ತೊಳಸಿಟ್ಟಿದ್ದಳಂತೆ.

ಈಗ ಗಂಡಿಯ ಬಾಯಲ್ಲಿ ಅರಣ್ಯ ಇಲಾಖೆಯ ಬೋರ್ಡು ನಿಂತಿದೆ, ಮೀನು ಹಿಡಿಯಬಾರದು ಅಂತ. ನಿಲ್ಲಲಿ ಪಾಪ, ತಡವಾಗಿ ಬಂದರೂ ಬಂತಲ್ಲ. ನಮ್ಮೂರ ಮದುವೆ ಊಟದಲ್ಲಿ ಇವತ್ತಿಗೂ ಮೀನಿಲ್ಲ. ಮದುಮಗ ಹರಿಗೋಲಿನಲ್ಲಿ ಆ ಸುಳಿಗೆ ಹೋಗಿ ಒಂದು ಸುತ್ತು ತಿರುಗಿ, "ಮುಟ್ಟಲ್ಲ!" ಅಂತ ಕೂಗಬೇಕು. ದಡದಲ್ಲಿ ನಿಂತ ಮದುಮಗಳು ಕೇಳಿಸಿತು ಅಂದಮೇಲೇ ಒಲೆಗೆ ಎಸರು.

ಹೋದ ವರ್ಷ ನಾನು ಕೂಗಿದ್ದು ಮೂರೂರಿಗೆ ಕೇಳಿಸಿತು. ನನ್ನವಳು ಮಾತ್ರ ಸೆರಗಲ್ಲಿ ನಗು ಮುಚ್ಚಿಕೊಂಡು, "ಕೇಳಿಸಲಿಲ್ಲ!" ಅಂದಳು.