ಅಂಗೈ ಮೇಲಿನ ಆಟ

"ಗುರುಗಳೇ, ಒಂದು ಸಂದೇಹ," ಎಂದ ಶಿಷ್ಯ. "ಫುಟ್‌ಬಾಲ್ ಪಂದ್ಯದ ಟಿಕೆಟ್ಟನ್ನು ನನ್ನ ದುಡ್ಡಿನಲ್ಲಿ ಕೊಳ್ಳುತ್ತೇನೆ. ಪಂದ್ಯಕ್ಕೆ ಹೋಗದೆ ಆನ್‌ಲೈನಿನಲ್ಲಿ ಮಾರಿಬಿಡುತ್ತೇನೆ. ಕೊಳ್ಳುವವನು ಹೆಚ್ಚು ಬೆಲೆ ಕೊಡಲು ತಾನಾಗಿಯೇ ಮುಂದೆ ಬರುತ್ತಾನೆ. ನಾನು ಸುಳ್ಳು ಹೇಳಿಲ್ಲ, ಕದ್ದಿಲ್ಲ. ಕೊಟ್ಟವನಿಗೂ ಸಂತೋಷ, ಕೊಂಡವನಿಗೂ ಸಂತೋಷ. ಇದರಲ್ಲಿ ತಪ್ಪೆಲ್ಲಿದೆ?"

ಗುರು ಈ ಕತೆ ಹೇಳಿದರು.

ಒಂದು ಊರಿಗೆ ಒಂದು ಫುಟ್‌ಬಾಲ್ ತಂಡವಿತ್ತು. ಆ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೂ ಮೈದಾನದ ಪೂರ್ವದ ಗ್ಯಾಲರಿ ಎಂದೂ ಖಾಲಿ ಇರುತ್ತಿರಲಿಲ್ಲ. ಅಲ್ಲಿ ಕೂರುವವರು ಇಡೀ ವರ್ಷದ ಟಿಕೆಟ್ಟನ್ನು ಒಮ್ಮೆಗೇ ಕೊಳ್ಳುತ್ತಿದ್ದರು. ಅಪ್ಪ ಕೂತ ಜಾಗದಲ್ಲಿ ಮಗ ಕೂರುತ್ತಿದ್ದ. ಯಾರ ಪಕ್ಕ ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಆ ಗ್ಯಾಲರಿಯಲ್ಲಿ ಒಬ್ಬ ಕುರುಡ ಮುದುಕನಿದ್ದ. ನಡುವಯಸ್ಸಿನಲ್ಲಿ ಅವನ ದೃಷ್ಟಿ ಹೋಗಿತ್ತು. ಹೋದ ಮೇಲೂ ಅವನು ಪಂದ್ಯಕ್ಕೆ ಬರುವುದನ್ನು ಬಿಡಲಿಲ್ಲ. ಗ್ಯಾಲರಿಯ ಗದ್ದಲದಲ್ಲಿ ಬಾಯಿಮಾತು ಕೇಳಿಸುವುದಿಲ್ಲ. ಅದಕ್ಕೆ ಎಡಗಡೆ ಸೀಟಿನ ಅಭಿಮಾನಿಯೊಬ್ಬ ಒಂದು ದಾರಿ ಕಂಡುಕೊಂಡಿದ್ದ. ಆಟ ಶುರುವಾದೊಡನೆ ಮುದುಕ ಎಡಗೈ ಚಾಚುತ್ತಿದ್ದ. ಅಂಗೈಯೇ ಮೈದಾನ. ಚೆಂಡು ಹೋದತ್ತ ಅಭಿಮಾನಿಯ ಬೆರಳು ಅಂಗೈ ಮೇಲೆ ಹೋಗುತ್ತಿತ್ತು. ಎದುರಾಳಿ ಗೋಲು ಹೊಡೆದರೆ ಅವನು ಮುದುಕನ ಬೆರಳುಗಳನ್ನು ಮಡಿಸಿ ಮುಷ್ಟಿ ಮಾಡುತ್ತಿದ್ದ. ತಮ್ಮವರು ಹೊಡೆದರೆ ಕೈ ಹಿಡಿದು ಎಬ್ಬಿಸುತ್ತಿದ್ದ. ಆಗ ಮುದುಕ ಎದ್ದು ನಿಂತು, ಎರಡೂ ಕೈ ಎತ್ತಿ ಕೂಗುತ್ತಿದ್ದ.

"ಅಜ್ಜನಿಗೆ ನಮಗಿಂತ ಚೆನ್ನಾಗಿ ಕಾಣುತ್ತೆ ಕಣ್ರೋ," ಎಂದು ಹಿಂದಿನ ಸಾಲಿನವರು ನಗುತ್ತಿದ್ದರು. ಮುದುಕನೂ ನಗುತ್ತಿದ್ದ.

ಒಂದು ವರ್ಷ ತಂಡ ಫೈನಲ್ ತಲುಪಿತು. ಹಿಂದೆಂದೂ ತಲುಪಿರಲಿಲ್ಲ. ಪಂದ್ಯವೂ ಅದೇ ಮೈದಾನದಲ್ಲಿ. ಮುದುಕ ಈ ಒಂದು ದಿನಕ್ಕಾಗಿ ಆಯುಸ್ಸೆಲ್ಲ ಕಾದಿದ್ದ. ಇನ್ನೊಂದು ಫೈನಲ್ಲಿನವರೆಗೆ ತಾನು ಇರುವುದಿಲ್ಲ ಎಂಬುದು ಅವನಿಗೆ ತಿಳಿದಿತ್ತು.

ದೂರದ ಊರುಗಳ ಜನ ಟಿಕೆಟ್ಟಿಗಾಗಿ ಮುಗಿಬಿದ್ದರು. ಮೊಬೈಲಿನಲ್ಲಿ ಬೆಲೆ ಏರುತ್ತಾ ಹೋಯಿತು. ಅಭಿಮಾನಿ ಅದನ್ನು ಮೊದಲ ದಿನ ಸುಮ್ಮನೆ ನೋಡಿದ. ಮರುದಿನ ಊಟದ ನಡುವೆ ನೋಡಿದ. ಆಮೇಲೆ ನೋಡದೆ ಇರಲಾಗಲಿಲ್ಲ. ಹಿಂದಿನ ಸಾಲಿನಲ್ಲಿ ಕೂರುವ ಗೆಳೆಯನೊಬ್ಬ ತನ್ನ ಟಿಕೆಟ್ ಮಾರಿ, ದಾರಿಯಲ್ಲಿ ಸಿಕ್ಕ.

"ಏನಯ್ಯಾ, ಇನ್ನೂ ಮಾರಿಲ್ವಾ? ಟಿವಿಯಲ್ಲಿ ಚೆಂಡು ಇನ್ನೂ ದೊಡ್ಡದಾಗಿ ಕಾಣುತ್ತೆ ಮಾರಾಯ."

"ಅಜ್ಜನ ಪಕ್ಕ ಕೂರೋನು ನಾನಲ್ವಾ?"

"ಹಿಂದೆ ಮುಂದೆ ಎಲ್ಲ ನಮ್ಮವರೇ ಇರ್ತಾರೆ, ಯಾರಾದ್ರೂ ನೋಡ್ಕೋತಾರೆ ಬಿಡು. ಅಂಗೈ ಕೆರೆಯೋಕೆ ನಿನಗೇನು ಸಂಬಳ ಬರುತ್ತಾ?"

ಅಭಿಮಾನಿ ನಕ್ಕ. ಮನೆಗೆ ಹೋಗಿ ಯೋಚಿಸಿದ. ಮುದುಕನಿಗೆ ಹೇಳಿದರೆ ಸುಮ್ಮನೆ ನೊಂದುಕೊಳ್ಳುತ್ತಾನೆ, ಹೇಳುವುದೇ ಬೇಡ ಎಂದುಕೊಂಡ. ಮೊಬೈಲಿನ ಮೇಲೆ ಬೆರಳು ಒತ್ತಿದ. ಟಿಕೆಟ್ ಹೋಯಿತು. ಕೊಂಡವನಾರೆಂದು ಮಾರಿದವನಿಗೆ ತಿಳಿಯಲಿಲ್ಲ. ಮಾರಿದವನಾರೆಂದು ಕೊಂಡವನಿಗೂ ತಿಳಿಯಲಿಲ್ಲ.

ಆ ಗ್ಯಾಲರಿಯ ಬೇರೆಯವರ ಮನೆಗಳಲ್ಲೂ ಅದೇ ವಾರ ಅದೇ ನಡೆಯಿತು. ಅವರಿಗೂ ಮುದುಕನ ನೆನಪು ಬಂದಿತ್ತು. ಅವನ ಪಕ್ಕದವನು ಹೇಗೂ ಇರುತ್ತಾನಲ್ಲ ಎಂದು ಅವರು ಸಮಾಧಾನ ಮಾಡಿಕೊಂಡಿದ್ದರು.

ಪಂದ್ಯದ ದಿನ ಮುದುಕ ಊರಿನ ಬಣ್ಣದ ಅಂಗಿ ತೊಟ್ಟು, ಕಂಬಿ ಹಿಡಿದು ಮೆಟ್ಟಿಲೇರಿ ತನ್ನ ಜಾಗದಲ್ಲಿ ಕೂತ. ಎಡಗಡೆ ಯಾರೋ ಬಂದು ಕೂತದ್ದು ತಿಳಿಯಿತು. ಆಟ ಶುರುವಾಯಿತು. ಮುದುಕ ಎಡಗೈ ಚಾಚಿದ.

ಸೀಟು ಕೊಂಡಿದ್ದವನು ಎದುರಾಳಿ ತಂಡದ ಊರಿನವನು. ತನ್ನವರ ಕಡೆ ಜಾಗ ಸಿಗದೆ ಇಲ್ಲಿಗೆ ಬಂದಿದ್ದ. ಒಳ್ಳೆಯ ಮನುಷ್ಯ. ಅವನು ಕಡಲೆಕಾಯಿ ತಿನ್ನುತ್ತಿದ್ದ. ಪಕ್ಕದ ಮುದುಕ ಕೈ ಒಡ್ಡಿದ್ದನ್ನು ಕಂಡು, ಅಂಗೈ ತುಂಬ ಕಡಲೆಕಾಯಿ ಸುರಿದ.

"ತಗೊಳ್ಳಿ ಅಜ್ಜ, ಇನ್ನೂ ಇದೆ," ಎಂದು ಕಿವಿಯ ಬಳಿ ಬಗ್ಗಿ ಕೂಗಿದ.

ದನಿ ಹೊಸದು. ಮುದುಕ ಬಲಕ್ಕೆ ತಿರುಗಿ ಒಂದು ಹೆಸರು ಕರೆದ. ಹಿಂದಕ್ಕೆ ತಿರುಗಿ ಇನ್ನೊಂದು ಹೆಸರು ಕರೆದ. ಓಗೊಡುವವರು ಯಾರೂ ಅಲ್ಲಿರಲಿಲ್ಲ. ಅವನು ಕಡಲೆಕಾಯಿಯನ್ನು ಜೇಬಿಗೆ ಹಾಕಿಕೊಂಡು, ಬರಿಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸುತ್ತಲೂ ಗದ್ದಲ ಏರಿತು, ಇಳಿಯಿತು. ಏನು ನಡೆಯುತ್ತಿದೆ ಎಂದು ಅವನಿಗೆ ತಿಳಿಯಲಿಲ್ಲ.

ಆಟ ಮುಗಿಯುವ ಹೊತ್ತಿಗೆ ಎದುರಾಳಿಗಳು ಗೋಲು ಹೊಡೆದರು. ಪರಊರಿನವನಿಗೆ ತಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಸಂತೋಷ ತಡೆಯಲಾರದೆ ಮುದುಕನ ಕೈ ಹಿಡಿದು ಎಬ್ಬಿಸಿದ.

ಆ ಕೈಗೆ ಆ ಹಿಡಿತದ ಅರ್ಥ ಒಂದೇ ಗೊತ್ತಿತ್ತು. ಮುದುಕ ಎದ್ದು ನಿಂತ. ಎರಡೂ ಕೈ ಎತ್ತಿದ. "ಗೋಲ್! ಗೋಲ್!" ಎಂದು ಕೊರಳು ಬಿರಿಯುವಂತೆ ಕೂಗಿದ.

ಗ್ಯಾಲರಿ ಮೌನವಾಗಿತ್ತು. ಪರಊರಿನವನು ಹೆದರಿ ಕುಸಿದು ಕೂತ. ಮುದುಕನ ದನಿಯೊಂದೇ ಉಳಿಯಿತು.

"ಏ ಮುದಿಯಾ, ನಮ್ಮ ಬಣ್ಣ ತೊಟ್ಟು ಅವರಿಗೆ ಜೈ ಅಂತೀಯಾ?" ಎಂದು ಹಿಂದಿನಿಂದ ಒಬ್ಬ ಅರಚಿದ. ಇನ್ನೊಬ್ಬ ನೀರಿನ ಬಾಟಲಿ ಎಸೆದ. ಅವರೂ ಊರಿನ ತಂಡದ ಅಭಿಮಾನಿಗಳೇ. ಆದರೆ ಎಲ್ಲಿಂದಲೋ ಬಂದು ದುಬಾರಿ ಬೆಲೆಗೆ ಟಿಕೆಟ್ ಕೊಂಡವರು. ಮುದುಕ ಕುರುಡನೆಂದು ಅವರಿಗೆ ಗೊತ್ತಿರಲಿಲ್ಲ. ಮುದುಕನಿಗೆ ಮೊದಲು ಆ ಮೌನ ತಿಳಿಯಿತು. ಆಮೇಲೆ ಬೈಗುಳ ತಿಳಿಯಿತು. ಎತ್ತಿದ ಕೈಗಳನ್ನು ಇಳಿಸುವುದು ಅವನಿಗೆ ಕೂಡಲೇ ಆಗಲಿಲ್ಲ.

ಅಭಿಮಾನಿ ಮನೆಯಲ್ಲಿ ಟಿವಿ ನೋಡುತ್ತಿದ್ದ. ಗೆಳೆಯ ಹೇಳಿದ್ದು ನಿಜ. ಎಲ್ಲವೂ ದೊಡ್ಡದಾಗಿ ಕಾಣುತ್ತಿತ್ತು. ಕ್ಯಾಮೆರಾ ಪೂರ್ವದ ಗ್ಯಾಲರಿಯತ್ತ ತಿರುಗಿ, ಕೈ ಎತ್ತಿ ಒಬ್ಬನೇ ನಿಂತ ಮುದುಕನ ಮೇಲೆ ನಿಂತಿತು. ಮನೆಯವರು ನಕ್ಕರು. ಅಭಿಮಾನಿ ಎದ್ದು ಟಿವಿ ಆರಿಸಿದ.

ತಂಡ ಸೋತಿತು. ಬೆಳಗಾಗುವಷ್ಟರಲ್ಲಿ ಮುದುಕನ ವಿಡಿಯೊ ಊರವರ ಮೊಬೈಲುಗಳಿಗೆಲ್ಲ ಬಂದಿತ್ತು. ಅಭಿಮಾನಿ ಅವನ ಮನೆಗೆ ಹೋದ. ಮುದುಕ ಬಾಗಿಲ ಬಳಿ ಕೂತಿದ್ದ.

"ಅಜ್ಜ, ಕೈ ಕೊಡಿ. ನಿನ್ನೆಯ ಆಟ ಪೂರ್ತಿ ತೋರಿಸ್ತೀನಿ," ಎಂದ.

ಮುದುಕ ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡ.

"ಬೇಡಪ್ಪಾ," ಎಂದ. "ನಿನ್ನೆ ನೀನಿಲ್ಲದೇ ಎಲ್ಲಾ ಕಂಡೆ."

ಮುಂದಿನ ವರ್ಷ ಅವನು ಟಿಕೆಟ್ ಕೊಳ್ಳಲಿಲ್ಲ. ಅದರ ಮುಂದಿನ ವರ್ಷ ಅವನು ಇರಲಿಲ್ಲ.

ಗುರು ಕತೆ ನಿಲ್ಲಿಸಿದರು.

"ಗುರುಗಳೇ, ಆದರೂ ತಪ್ಪು ಮಾರಾಟದ್ದಲ್ಲ ಅನಿಸುತ್ತದೆ," ಎಂದ ಶಿಷ್ಯ. "ಮುದುಕನ ಮನೆಗೆ ಹೋಗಿ, ಒಂದು ಮಾತು ಹೇಳಿ, ಆಮೇಲೆ ಮಾರಬಹುದಿತ್ತಲ್ಲ?"

"ಹೇಳಲು ಹೋಗಿದ್ದರೆ ಮಾರದೆ ತಿರುಗಿ ಬರುತ್ತಿದ್ದನಪ್ಪ, ಅದು ತಿಳಿದಿದ್ದರಿಂದಲೇ ಅವನು ಹೋಗಲಿಲ್ಲ," ಎಂದರು ಗುರು.