ಮುಖ ಬರೆಯುವುದನ್ನು ಬಿಟ್ಟ ಗಾದಿಲಿಂಗ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಹೊಳೆದಂಡೆಯ ಒಂದು ಊರಲ್ಲಿ ಗಾದಿಲಿಂಗ ಅಂತ ಒಬ್ಬ ಚಿತ್ರಗಾರ ಇದ್ದನಂತೆ. ಗೋಡೆಗೆ ಚಿತ್ರ ಬರೆಯುವುದು ಅವನ ಮನೆತನದ ಕಸುಬು. ಬೇರೆಯವರು ದೇವರನ್ನು, ಆನೆ ಕುದುರೆಯನ್ನು ಬರೆದರೆ ಇವನು ಕನಸು ಬರೆಯುತ್ತಿದ್ದನಂತೆ. ಬೆಳಗಾದರೆ ಸಾಕು, ಜನ ಅವನ ಜಗಲಿಗೆ ಬಂದು ತಾವು ಕಂಡದ್ದು ಹೇಳುವರು. ಎಮ್ಮೆಯ ಹೊಟ್ಟೆಯೊಳಗೆ ಸಂತೆ ನೆರೆದ ಕನಸು, ಸತ್ತ ಅತ್ತೆ ಬೇವಿನ ಮರವಾಗಿ ಬಂದು ಅಡುಗೆಮನೆಯಲ್ಲಿ ನಿಂತ ಕನಸು. ಇವನು ಕೇಳಿಸಿಕೊಂಡು, ಹುಣಸೆಬೀಜದ ಅಂಟಿನಲ್ಲಿ ಬಣ್ಣ ಕಲಸಿ, ಕಂಡವರು ಕಂಡದ್ದಕ್ಕಿಂತ ಚೆನ್ನಾಗಿ ಬರೆದುಬಿಡುವನು. ಅವನು ಗೋಡೆಗೆ ಬರೆದ ಹಾವಿನ ಮೇಲೆ ಮುಂಗುಸಿ ಹಾರಿತ್ತು ಅಂತಾರೆ. ಇದ್ದರೂ ಇರಬಹುದು. ಗೋಡೆಯ ಮೇಲೆ ಉಗುರಿನ ಗೀರು ಕಂಡವರು ಇದ್ದರಂತೆ.

ಅದೇ ಊರಲ್ಲಿ ಹುಲಿಗೆವ್ವ ಅಂತ ಒಬ್ಬಾಕೆ. ಗಂಡ ಹರಿಗೋಲು ಹಾಕುವವನು. ಒಂದು ಮಳೆಗಾಲ ಹೊಳೆ ಅವನನ್ನು ಎಳೆದುಕೊಂಡು ಹೋಯಿತು, ಹೆಣವೂ ಸಿಗಲಿಲ್ಲ. ಆಮೇಲೆ ಆಕೆಗೆ ಒಂದು ಕನಸು ಬಿತ್ತು. ಗಂಡ ಹೊಳೆಯ ತಳದಲ್ಲಿ ನಡೆಯುತ್ತಿದ್ದಾನೆ, ತಲೆಯ ಮೇಲೆ ಹರಿಗೋಲು, ಕಾಲಿದ್ದ ಕಡೆ ಮೀನಿನ ಬಾಲ. ಗಾದಿಲಿಂಗ ಅದನ್ನು ಆಕೆಯ ಪಡಸಾಲೆಯ ಗೋಡೆಗೆ ಬರೆದ. ಅಂಥ ಚಿತ್ರ ಅವನು ಅದಕ್ಕೆ ಮೊದಲು ಬರೆದಿರಲಿಲ್ಲ ಅಂತಾರೆ. ಊರೇ ಬಂದು ನೋಡಿ ಹೋಯಿತು.

ಮರುವರ್ಷ ಹುಲಿಗೆವ್ವ ಮತ್ತೆ ಅವನ ಜಗಲಿಗೆ ಬಂದಳು.

“ಗಾದಿಲಿಂಗಣ್ಣ, ಅವರ ಮುಖ ಮರತೀನಿ,” ಅಂದಳಂತೆ.

“ಗೋಡಿ ಮ್ಯಾಲೆ ಐತಲ್ಲವ್ವ.”

“ಅದು ನೀ ಬರೆದ ಮುಖ. ಕಣ್ಣು ಮುಚ್ಚಿದರ ಅದೇ ಬರತೈತಿ, ಅವರದು ಬರವಲ್ಲದು. ಅವರನ್ನ ಹೊಳಿ ಒಯ್ತು. ಮುಖ ನೀ ಒಯ್ದಿ.”

ಬೈಯಲಿಲ್ಲ, ಅಳಲೂ ಇಲ್ಲ. ಹೇಳಿ ಎದ್ದು ಹೋದಳು.

ಆ ಬೇಸಗೆಯಿಡೀ ಗಾದಿಲಿಂಗ ಬಣ್ಣ ಕಲಸಲಿಲ್ಲ. ಕೇಳಿದವರಿಗೆ ಕೈನೋವು ಅನ್ನುತ್ತಿದ್ದನಂತೆ. ಕೊನೆಗೊಂದು ದಿನ ಸುಣ್ಣದ ಗಡಿಗೆ ಹಿಡಿದು ಹುಲಿಗೆವ್ವನ ಮನೆಗೆ ಹೋದ. ಅಳಿಸಲೇನವ್ವ ಅಂತ ಕೇಳಿದ. ಆಕೆ ಹೂಂ ಅಂದಳು. ತನ್ನ ಜೀವಮಾನದ ಒಳ್ಳೆಯ ಚಿತ್ರಕ್ಕೆ ತಾನೇ ಸುಣ್ಣ ಬಳಿದ.

ಆಮೇಲೆ ನೆಲದ ಮೇಲೆ ಕೂತು, ಗಂಡನದು ನಿನ್ನ ಹತ್ತಿರ ಏನು ಉಳಿದಿದೆ ಅಂತ ಕೇಳಿದ. ಹುಲಿಗೆವ್ವ ಬಾಗಿಲ ಕಡೆ ತಿರುಗಿದಳು.

“ಸಂಜಿಮುಂದ ಬಂದು ಬಾಗಿಲದಾಗ ನಿಂದರತಿದ್ರು, ಒದ್ದಿ ಧೋತರ ಉಟಗೊಂಡು. ಮನಿ ಒಳಗ ಒಮ್ಮೆ ಕತ್ತಲಾಗತಿತ್ತು. ಆಮ್ಯಾಲೆ ತಂಪು ಬರತಿತ್ತು.”

ಅವನು ಅದನ್ನೇ ಬರೆದ. ಕಣ್ಣಿಲ್ಲ, ಮೂಗಿಲ್ಲ, ಮನುಷ್ಯನೇ ಇಲ್ಲ. ಕೆಳಗೆ ತೊಯ್ದ ಮಣ್ಣಿನ ಬಣ್ಣ, ಮೇಲೆ ಮಸಿಯಲ್ಲಿ ಕಲಸಿದ ನೀಲಿ, ಒಂದು ಅಂಚಿನಲ್ಲಿ ಬರೀ ಸುಣ್ಣ. ಹುಲಿಗೆವ್ವ ದೀಪ ಹಚ್ಚುವ ಹೊತ್ತಿನ ತನಕ ಅದರ ಮುಂದೆ ಕೂತಿದ್ದಳಂತೆ. ಇದ್ದಕ್ಕಿದ್ದಂತೆ ತಲೆಯ ಮೇಲೆ ಸೆರಗು ಎಳೆದುಕೊಂಡು, “ಬಂದ್ರು” ಅಂದಳಂತೆ.

ಅಂದಿನಿಂದ ಗಾದಿಲಿಂಗ ಯಾವ ಆಕಾರವನ್ನೂ ಬರೆಯಲಿಲ್ಲ. ಜನ ನಕ್ಕರು. ಕಣ್ಣು ಮಂಜಾಗಿದೆ ಅಂದರು, ತಲೆ ಕೆಟ್ಟಿದೆ ಅಂದರು. ಆ ಸೀಮೆಯ ದೇಸಾಯಿ, ತಾನು ಆಕಾಶದಲ್ಲಿ ಹುಲಿ ಹತ್ತಿ ಹೋದ ಕನಸನ್ನು ತಾನಿರುವ ವಾಡೆಯ ಗೋಡೆಗೆ ಬರೆಯಲು ಕರೆಸಿದ. ಇವನು ಗೋಡೆ ತುಂಬ ಕೆಮ್ಮಣ್ಣು ಬಳಿದು, ಮೇಲೆ ಹೋದ ಹಾಗೆ ಅದನ್ನು ತೆಳ್ಳಗೆ ಮಾಡಿ ಇಳಿದು ಬಂದ. ಹುಲಿ ಎಲ್ಲಿ, ನಾನೆಲ್ಲಿ ಅಂತ ದೇಸಾಯಿ ಕೇಳಿದ. ಒಂದಿಷ್ಟು ಹೊತ್ತು ಕೂತು ನೋಡಿರಿ ದಣಿ ಅಂದನಂತೆ ಇವನು. ದೇಸಾಯಿ ಕೂರಲಿಲ್ಲ. ಗೋಡೆಗೆ ಸುಣ್ಣ ಹೊಡೆಸಿ ಇವನನ್ನು ಹೊರಗೆ ಹಾಕಿಸಿದ.

ಬರಿಗೈಯಲ್ಲಿ ಬಂದ ಗಂಡನನ್ನು ಹೆಂಡತಿ ಈರವ್ವ, “ಒಂದು ಹುಲಿ ಬರೆದಿದ್ರ ಏನಾಗತಿತ್ತು?” ಅಂತ ಕೇಳಿದಳು.

“ಬರೀಬೇಕಂತನೇ ಹೋಗಿದ್ದೆ. ಕೈ ಬರಲಿಲ್ಲ.”

ಈರವ್ವ ತಾನೂ ಸುಣ್ಣದ ಗಡಿಗೆ ಎತ್ತಿಕೊಂಡಳು. ಇಬ್ಬರೂ ಊರವರ ಮನೆಗಳಿಗೆ ಸುಣ್ಣ ಹೊಡೆದು ಬದುಕಿದರಂತೆ. ಆದರೆ ಸಾವಾದ ಮನೆಯವರು ಮಾತ್ರ ಅವನನ್ನು ಮೆಲ್ಲಗೆ ಒಳಗೆ ಕರೆಯುತ್ತಿದ್ದರು. ಅವನು ಕೂತು ಕೇಳಿಸಿಕೊಂಡು, ಒಂದು ಗೋಡೆಗೆ ಬಣ್ಣ ಹಾಕಿ ಹೋಗುತ್ತಿದ್ದ. ಯಾವ ಗೋಡೆಯೂ ಈಗ ಉಳಿದಿಲ್ಲ. ಮಳೆಗೆ ಕೆಲವು ಹೋದವು, ಸುಣ್ಣದಡಿ ಕೆಲವು.

ಈಗಲೂ ಆ ಕಡೆಯ ಊರುಗಳಲ್ಲಿ, ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ವರ್ಷ ತುಂಬುವ ಮೊದಲು ಮನೆಯವರೆಲ್ಲ ಒಂದು ಗೋಡೆಗೆ ತಮಗೆ ತೋಚಿದ ಬಣ್ಣವನ್ನು ಬರಿಗೈಯಲ್ಲಿ ಬಳಿಯುತ್ತಾರೆ. ನನ್ನ ತಂಗಿ ಹೋದಾಗ ನಾನೂ ಬಳಿದೆ. ಅರಿಸಿನಕ್ಕೆ ತುಸು ಮಸಿ ಸೇರಿಸಿದೆ. ಯಾಕೆ ಅಂತ ಯಾರೂ ಕೇಳಲಿಲ್ಲ.