ಅಂದಾಜಿನಾಗ ಕಳಿಯಾಕ ಹೋದ ದ್ಯಾಮಣ್ಣ

ಈ ಸಲ ಒಂದ ಮಾತೂ ಸುಳ್ಳಿಲ್ರಿ. ಹೋದ ಸಲದ ಕತಿ ಬಿಡ್ರಿ, ಅದರಾಗ ಹಾರಿದ್ದ ಎಮ್ಮಿ ನಾನ ಸೇರಿಸಿದ್ದೆ. ಇದು ಖರೆ. ಉರಿಯೂ ಒಲಿ ಮುಟ್ಟಿ ಹೇಳತೀನಿ. ಗಂಗೂ, ನೀನೂ ಕುಂದ್ರವಾ. ನಡುವ ಬಾಯಿ ಹಾಕಬ್ಯಾಡ.

ಫಕೀರವ್ವಗ ಒಬ್ಬನ ಮಗಾ, ದ್ಯಾಮಣ್ಣ. ಹೇಳಿದ್ದನ್ನ ಮಾಡಾಂವ. ಹೇಳಿದ್ದಷ್ಟ ಮಾಡಾಂವ. ಅದ ಆಕಿ ದುಃಖ.

ಜ್ವಾಳದ ರೊಟ್ಟಿ ಬಡದು ಮಾರೂದು ಆಕಿ ಕೆಲಸ. ಬಡದು ಬಡದು ಮುಂಗೈ ಬಾತು ಹೋಗಿದ್ವು. ದಿನಾ ನೂರು ಹೋಗಬಹುದು ಅಂತ ಅಂದಾಜು. ಗ್ವಾಡಿ ಮ್ಯಾಲ ಸುಣ್ಣದ ಹತ್ತು ಗೆರಿ. ಗೆರಿಗೆ ಹತ್ತು ರೊಟ್ಟಿ. ಆಕಿ ಒಲಿ ಮುಂದ, ಗೆರಿ ನೋಡಿಕೊಳ್ಳಾಂವ ದ್ಯಾಮಣ್ಣ.

ಪಂಪಿನ ಕಾರ್ಖಾನಿ ಸಾಹೇಬ್ರು ಬಂದ್ರು. “ಒಂದು ವಾರ ನೋಡತೀವಿ ಯವ್ವಾ. ಲೆಕ್ಕ ಸರಿ ಇದ್ರ ವರ್ಷಪೂರ್ತಿ ನಮ್ಮ ಊಟದ ರೊಟ್ಟಿ ನಿಂದ. ಕಾಗದ ಮ್ಯಾಲ ಸಹಿ ಹಾಕತೀನಿ.”

ಸಹಿ ಬಿದ್ರ ಇಬ್ಬರು ಹೆಣ್ಮಕ್ಕಳನ್ನ ಕೆಲಸಕ್ಕ ಇಟಗೋಬಹುದು. ಆಕಿ ಕೈಗೆ ಆರಾಮ ಸಿಗತೈತಿ.

ಸೋಮವಾರ ಕಾರ್ಖಾನಿಯವರು ನಲವತ್ತು ಕೇಳಿದ್ರು. ದ್ಯಾಮಣ್ಣ ಇನ್ನೂ ನಾಕು ಗೆರಿ ಎಳದಾ. ಅವ್ವ ನೂರಾ ನಲವತ್ತು ಬಡದ್ಲು. ನಲವತ್ತು ಉಳದ್ವು!

“ಏನ್ ಮಾಡಿದೆಲೇ ಹುಚ್ಚಾ!”

ಸಾಹೇಬ್ರು ಹೇಳಿದ್ರು: “ನಮ್ಮ ಕಂಪ್ಯೂಟರ್ ಹಂಗ ಕೂಡಸೂದಿಲ್ಲಪಾ. ಕೇಳಿದವರೂ ದಿನಾ ನಿಮ್ಮ ಬಾಗಲಕ್ಕ ಬಂದು ಒಯ್ಯೂ ಆ ನೂರರಾಗಿನವರ. ಆರ್ಡರ್ ಬಂದ್ರ ಅಂದಾಜಿನಾಗ ಅಷ್ಟು ಕಳೀತೈತಿ.”

“ಕೇಳಿದೇನಲೇ? ಆರ್ಡರ್ ಬಂದಷ್ಟು ಕಳಿ!”

“ಹೂನ್ ಯವ್ವಾ!”

ಮಂಗಳವಾರ ಮತ್ತ ನಲವತ್ತು. ದ್ಯಾಮಣ್ಣ ನಾಕು ಗೆರಿ ಅಳಸಿದಾ. ಆರು ಉಳದ್ವು. ಅವ್ವ ಅರವತ್ತು ಬಡದ್ಲು. ಅರವತ್ತೂ ಬಾಗಲಕ್ಕ ಬಂದವರಿಗೆ ಹೋದ್ವು. ಕಾರ್ಖಾನಿಗೆ ಬರೇ ಬುಟ್ಟಿ ಹೋತು.

“ಒಂದು ತಪ್ಪಾತು ಯವ್ವಾ,” ಅಂದ್ರು ಸಾಹೇಬ್ರು.

“ನಿನ್ನ ಕಟಗೊಂಡು ಹ್ಯಾಂಗ ಬಾಳೇ ಮಾಡಲಿ! ಅಂದಾಜಿನಾಗ ಅಳಸಿದ್ದನ್ನ ಆರ್ಡರಿನ ಕಡೆ ಬರೀಬೇಕಲೇ! ಎರಡೂ ಕೂಡಿ ನೂರ ಆಗಬೇಕು!”

“ಹೂನ್ ಯವ್ವಾ!”

ಬುಧವಾರ ಮುಂಜಾನೆ ಟೇಲರ್ ಹುಸೇನಸಾಬ ಬಂದಾ. “ಬಸರಿ ಮಗಳ ಕುಬಸದ ಊಟಕ್ಕ ನೂರು ಬೇಕಪಾ, ಐದು ತಿಂಗಳ ಮ್ಯಾಲ.” ದ್ಯಾಮಣ್ಣ ಹತ್ತೂ ಗೆರಿ ಅಳಸಿದಾ, ಆರ್ಡರಿನ ಕಡೆ ಹತ್ತು ಬರದಾ. ಆಮ್ಯಾಲ ಕಾರ್ಖಾನಿಯವರು ನಲವತ್ತು ಕೇಳಿದ್ರ, “ಅಳಸಾಕ ಗೆರಿ ಇಲ್ಲರೀ, ನಾಳೆ ಬರ್ರಿ!” ಅಂದಾ. ನೂರು ರೊಟ್ಟಿ ಹೊತಗೊಂಡು ಹುಸೇನಸಾಬನ ಮನಿಗೆ ಹೋದಾ.

“ಏ ಮಾರಾಯಾ! ಹುಡುಗಿಗೆ ಹೊಟ್ಟಿ ಇನ್ನೂ ಕಾಣೂದೂ ಇಲ್ಲ!”

“ಎರಡಾತು ಯವ್ವಾ. ಮೂರನೇದು ಆಗಬಾರದು,” ಅಂದ್ರು ಸಾಹೇಬ್ರು. ಆದ್ರೂ ಒಳ್ಳೇ ಮನುಷ್ಯಾ, ದ್ಯಾಮಣ್ಣನ್ನ ಕುಂದ್ರಿಸಿ ಹೇಳಿದ್ರು: “ಯಾವ ದಿನದ ಆರ್ಡರೋ ಆ ದಿನದ ಅಂದಾಜಿನಾಗ ಕಳೀಬೇಕು. ಅದು ಸಾಲದಿದ್ರ ಅದರ ಹಿಂದಿನ ದಿನದಾಗ ಕಳೀಬೇಕು. ನಮ್ಮ ಕಂಪ್ಯೂಟರ್ ಹಂಗ ಮಾಡತೈತಿ.”

“ತಿಳೀತೇನಲೇ?”

“ಹೂನ್ ಯವ್ವಾ! ಸಾಲದಿದ್ರ ಹಿಂದಿನ ದಿನದಾಗ!”

ಗುರುವಾರ ಸರಿ ಆತು. ಶುಕ್ರವಾರನೂ ಸರಿ ಆತು. ಅರವತ್ತು ಬಾಗಲದಾಗ, ನಲವತ್ತು ಕಾರ್ಖಾನ್ಯಾಗ. ಅವ್ವ ದೇವರಿಗೆ ದೀಪಾ ಹಚ್ಚಿದ್ಲು.

ಶನಿವಾರ ಕಡೀ ದಿನ. ಕಾರ್ಖಾನಿಯಿಂದ ನೂರಾ ಐವತ್ತಕ್ಕ ಆರ್ಡರ್! ಅವ್ವ ಹಲ್ಲು ಕಚ್ಚಿ ಬಡದ್ಲು. ಬಡದ್ಲು, ಬಡದ್ಲು, ನೂರಾ ಐವತ್ತೂ ಬಡದ್ಲು. ಇತ್ತಲಾಗ ದ್ಯಾಮಣ್ಣ ಹತ್ತೂ ಗೆರಿ ಅಳಸಿದಾ. ಇನ್ನೂ ಐವತ್ತು ಕಳೀಬೇಕು. ಗೆರಿ ಮುಗದ್ವು. ಬುಟ್ಟಿ ಹೊತಗೊಂಡು ಅವ್ವನ ಹಿಂದ ಹೊಂಟಾ.

ಕಾರ್ಖಾನ್ಯಾಗ ಮಂದಿ ಸಾಲಾಗಿ ಕುಂತಿದ್ರು. ರೊಟ್ಟಿ ಬಡಿಸಿದ್ರು. ಎಣಿಸಿದ್ರ ಸರಿ ನೂರಾ ಐವತ್ತು. ಸಾಹೇಬ್ರು ನಕ್ಕರು. ಕಾಗದ ತಗದ್ರು. ಪೆನ್ನು ತಗದ್ರು.

ದ್ಯಾಮಣ್ಣ ನಡುವ ನಿಂತಾ. “ನಿನ್ನೆ ನಮ್ಮ ರೊಟ್ಟಿ ತಿಂದವರು ಕೈ ಎತ್ರಿ!”

ಇಪ್ಪತ್ತು ಮಂದಿ ಕೈ ಎತ್ತಿದ್ರು. ಒಬ್ಬೊಬ್ಬರು ಎರಡೆರಡು ತಿಂದಿದ್ರು.

“ಕೊಡ್ರಿ. ನಿನ್ನೇದರಾಗ ಐವತ್ತು ಕಳೀಬೇಕು. ಇಲ್ಲಿ ನಲವತ್ತು. ಉಳದ ಹತ್ತು ಓಣ್ಯಾಗ ಇಸಗೋತೀನಿ.”

“ತಿಂದೇವಲ್ಲೋ!”

“ಕೊಡ್ರಿ!”

“ದ್ಯಾಮ್ಯಾ, ಬ್ಯಾಡಲೇ!” ಅಂತ ಅವ್ವ ಚೀರಿದ್ಲು.

“ಕಂಪ್ಯೂಟರ್ ಹಂಗ ಮಾಡತೈತಿ ಯವ್ವಾ!” ಅಂದಾಂವನ, ಮೊದಲನೇಯವನ ಬೆನ್ನಿಗೆ ಗುದ್ದಿದಾ ನೋಡ್ರಿ. ಶುಕ್ರವಾರದ ರೊಟ್ಟಿ ಟಪ್ ಅಂತ ಬಾಯಿಂದ ಹೊರಗ ಬಿತ್ತು! ಎರಡನೇ ಗುದ್ದು, ಎರಡನೇ ರೊಟ್ಟಿ! ಹಿಂಗ ನಲವತ್ತು. ದುಂಡಗ, ಇಡೀವು, ಬಿಸೀವು. ನಾನ ಎಣಿಸೀನಿ. ಅದನ್ನ ನೋಡಿ ಸಾಹೇಬ್ರು “ಭಲೇ!” ಅಂತ ಸಹಿ ಹಾಕೇ ಬಿಟ್ರು...

ಏನ ಗಂಗೂ?

“ಅಜ್ಜಾ, ನಿನ್ನೆ ಅಗದು ನುಂಗಿದ ರೊಟ್ಟಿ ಇಡೀ ಹ್ಯಾಂಗ ಹೊರಗ ಬರತೈತಿ?”

ಬಂತವಾ.

“ಬಿಸೀವು?”

...ಹಂಗಾರ ಸಾಹೇಬ್ರು ಕಾಗದಾ ಮಡಚಿ ಕಿಸೇದಾಗ ಇಟಗೊಂಡು ಎದ್ದು ಹೋದ್ರು ಅಂತ ಹೇಳಲೇನು? ಫಕೀರವ್ವ ಅಲ್ಲೇ ನಿಂತಿದ್ಲವಾ. ನನಗ ಹೇಳಾಕ ಆಗಲಿಲ್ಲ.